ಅಹವಾಲಿನ ಮೇಲಿಟ್ಟ ನಂಬಿಕೆ: ಸರ್ ನಾರಾಯಣ ಚಂದಾವರ್ಕರ್ ಬದುಕು

ತೆಲಂಗ್ 1889ರಲ್ಲಿ, ಬದ್ರುದ್ದೀನ್ ತ್ಯಾಬ್ಜಿ 1895ರಲ್ಲಿ, ನಾರಾಯಣ ಗಣೇಶ ಚಂದಾವರ್ಕರ್ 1901ರಲ್ಲಿ. ಮೂವರೂ ವಕೀಲರು, ಮೂವರೂ ಕಾಂಗ್ರೆಸ್ಸಿನ ಆರಂಭದ ದಿನಗಳಿಗೆ ಹೆಗಲು ಕೊಟ್ಟವರು, ಮೂವರೂ ಮುಂಬಯಿ ಹೈಕೋರ್ಟಿನ ಪೀಠವೇರಿದವರು. ಸರ್ಕಾರ ಇವರನ್ನು ಕೊಂಡುಕೊಂಡಿತು ಎನ್ನುವುದು ಅನ್ಯಾಯದ ಮಾತು. ಆದರೂ ಒಂದೊಂದು ನೇಮಕವಾದಾಗಲೂ ರಾಜಕೀಯ ವೇದಿಕೆಯಿಂದ ಒಂದು ಸಮರ್ಥ ದನಿ ಇಳಿದುಹೋಯಿತು. ಚಂದಾವರ್ಕರರ ವಿಷಯದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ: 1900ರ ಡಿಸೆಂಬರಿನಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು, ಮರುವರ್ಷವೇ ನ್ಯಾಯಮೂರ್ತಿ.

ಅವರು ಹುಟ್ಟಿದ್ದು 1855ರಲ್ಲಿ, ಹೊನ್ನಾವರದಲ್ಲಿ. ಆಗ ಆ ಊರು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕಾಚಾರದಲ್ಲಿ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅವರಂಥ ಕರಾವಳಿಯ ಸಾರಸ್ವತ ಹುಡುಗರಿಗೆ ಮುಂಬಯಿಯ ದಾರಿ ಹತ್ತಿರವಾಗುವುದಕ್ಕೆ ಇದೂ ಒಂದು ಕಾರಣ. ಎಲ್ಫಿನ್‌ಸ್ಟನ್ ಕಾಲೇಜಿನ ಓದು, 1881ರಲ್ಲಿ ಕಾನೂನು ಪದವಿ, ಅದರ ಜೊತೆಗೇ ‘ಇಂದು ಪ್ರಕಾಶ’ ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕತ್ವ. ವಕೀಲಿ ಮತ್ತು ಪತ್ರಿಕೆ ಎರಡೂ ಅವರಿಗೆ ಒಂದೇ ಪಾಠವನ್ನು ಕಲಿಸಿದವೆಂದು ನನ್ನ ಅಂದಾಜು: ಸಂಗತಿಯನ್ನು ಒಪ್ಪವಾಗಿ, ಸಿಟ್ಟಿಲ್ಲದೆ, ಸಾಕ್ಷಿಸಮೇತ ಮುಂದಿಟ್ಟರೆ ಎದುರು ಕೂತವನು ಒಪ್ಪಲೇಬೇಕು. ಅವರ ಇಡೀ ಬದುಕು ಈ ನಂಬಿಕೆಯ ಪರೀಕ್ಷೆ.

ಮೊದಲ ಪರೀಕ್ಷೆ 1885ರಲ್ಲಿ ನಡೆಯಿತು. ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ. ಅಲ್ಲಿನ ಮತದಾರರಿಗೆ ಭಾರತದ ಅಹವಾಲು ತಿಳಿಸಲೆಂದು ಮೂರು ಪ್ರಾಂತಗಳ ನಿಯೋಗ ಹೊರಟಿತು: ಬಂಗಾಳದಿಂದ ಮನಮೋಹನ ಘೋಷ್, ಮದ್ರಾಸಿನಿಂದ ಸೇಲಂ ರಾಮಸ್ವಾಮಿ ಮೊದಲಿಯಾರ್, ಮುಂಬಯಿಯಿಂದ ಇನ್ನೂ ಮೂವತ್ತು ತುಂಬದ ಚಂದಾವರ್ಕರ್. ದೇಶಕ್ಕೆ ಸ್ವಂತ ಸರ್ಕಾರವೇ ಇಲ್ಲದ ಕಾಲದಲ್ಲಿ ಇವರು ಮಾಡಿದ್ದು ರಾಯಭಾರವೇ. ಊರೂರು ಸುತ್ತಿ ಸಭೆಗಳಲ್ಲಿ ಮಾತಾಡಿದರು. ಡೆಪ್ಟ್‌ಫರ್ಡಿನಲ್ಲಿ ಆ ಚುನಾವಣೆಗೆ ಸ್ಪರ್ಧಿಸಿದ್ದ ಭಾರತೀಯ ಅಭ್ಯರ್ಥಿ ಲಾಲ್‌ಮೋಹನ ಘೋಷ್ ಸೋತರು. ಅದೇ ವರ್ಷದ ಡಿಸೆಂಬರ್ 28ರಂದು ಮುಂಬಯಿಯ ಗೋವಾಲಿಯಾ ಟ್ಯಾಂಕಿನ ಬಳಿ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಕಾಂಗ್ರೆಸ್ ಹುಟ್ಟಿತು. ಇಂಗ್ಲೆಂಡಿನ ಅನುಭವವನ್ನು ಚಂದಾವರ್ಕರ್ ಪುಸ್ತಕವಾಗಿಯೂ ಬರೆದರು. ಇಂಗ್ಲಿಷರ ನ್ಯಾಯಬುದ್ಧಿಯ ಮೇಲಿನ ಅವರ ವಿಶ್ವಾಸ ಆ ಪ್ರವಾಸದಿಂದ ಕುಗ್ಗಲಿಲ್ಲ. ಕುಗ್ಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಎಂಟು ವರ್ಷಗಳ ಬಳಿಕ ಅದೇ ‘ಇಂದು ಪ್ರಕಾಶ’ದಲ್ಲಿ ಯುವಕ ಅರವಿಂದ ಘೋಷರು ಕಾಂಗ್ರೆಸ್ಸಿನ ಈ ಬೇಡುವ ರಾಜಕಾರಣದ ಮೇಲೆ ಹರಿಹಾಯ್ದರು.

ಪೀಠದ ಮೇಲಿನ ಚಂದಾವರ್ಕರರನ್ನು ತೂಗುವಾಗ 1910ನ್ನು ದಾಟಿ ಹೋಗುವಂತಿಲ್ಲ. ನಾಸಿಕದ ಕಲೆಕ್ಟರ್ ಜಾಕ್ಸನ್ನನ ಕೊಲೆಯ ನಂತರ ವಿನಾಯಕ ದಾಮೋದರ ಸಾವರ್ಕರರ ವಿಚಾರಣೆಗೆ ಕೂತದ್ದು ಜ್ಯೂರಿ ಇಲ್ಲದ ವಿಶೇಷ ನ್ಯಾಯಮಂಡಳಿ. ಮುಖ್ಯ ನ್ಯಾಯಮೂರ್ತಿ ಬೇಸಿಲ್ ಸ್ಕಾಟ್, ಹೀಟನ್, ಮೂರನೆಯವರು ಚಂದಾವರ್ಕರ್. 1910ರ ಡಿಸೆಂಬರ್ ಮತ್ತು 1911ರ ಜನವರಿಯಲ್ಲಿ ಎರಡು ಕರಿನೀರಿನ ಶಿಕ್ಷೆಗಳು ಬಂದವು. ಚಂದಾವರ್ಕರರಿಗೆ ‘ಸರ್’ ಪದವಿ ಬಂದದ್ದೂ 1910ರಲ್ಲೇ. ಇವೆರಡಕ್ಕೂ ಗಂಟು ಹಾಕಲು ನನ್ನಲ್ಲಿ ಆಧಾರವಿಲ್ಲ, ಹಾಕುವುದೂ ಇಲ್ಲ. ಸಾವರ್ಕರರ ರಾಜಕೀಯವನ್ನು ಒಪ್ಪದವರೂ ಇಲ್ಲಿ ಒಂದು ಪ್ರಶ್ನೆ ಕೇಳಬೇಕಾಗುತ್ತದೆ: ತಮ್ಮ ಜನರ ಪರವಾಗಿ ಲಂಡನ್ನಿಗೆ ಹೋಗಿ ಬಂದವರು, ಮಾಮೂಲಿನ ರಕ್ಷಣೆಯನ್ನು ತೆಗೆದುಹಾಕಿದ ಇಂಥ ವಿಶೇಷ ವ್ಯವಸ್ಥೆಯಲ್ಲಿ ಹೇಗೆ ಕೂತರು? ಕಾನೂನನ್ನು ಮಾಡುವವರು ಯಾರು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಕಾನೂನನ್ನಷ್ಟೇ ಗೌರವಿಸಿದ್ದು ಅವರ ಪ್ರಾಮಾಣಿಕತೆ. ಅವರ ಮಿತಿಯೂ ಅದೇ.

ಅಹವಾಲನ್ನು ಆಳುವವರ ಕಡೆಯಿಂದ ತಮ್ಮವರ ಕಡೆಗೆ ತಿರುಗಿಸಿದಾಗ ಮಾತ್ರ ಚಂದಾವರ್ಕರರ ಮಾತಿಗೆ ಮೊನೆ ಬರುತ್ತದೆ. ಸಮಾಜ ಸುಧಾರಕ ರಾನಡೆ 1901ರ ಜನವರಿಯಲ್ಲಿ ತೀರಿಕೊಂಡ ಮೇಲೆ ಗಿರಗಾಂವದ ಪ್ರಾರ್ಥನಾ ಸಮಾಜಕ್ಕೆ ಅವರೇ ದೊಡ್ಡ ಆಸರೆ. ಬಾಲ್ಯವಿವಾಹ, ವಿಧವೆಯರ ಪಾಡು, ಜಾತಿಯ ಕಟ್ಟು—ಇವುಗಳ ಬಗ್ಗೆ ಅವರು ಮಾತಾಡಿದ್ದು ತಮ್ಮಂಥ ಓದಿದ ಮೇಲ್ಜಾತಿಯವರ ಎದುರಿಗೆ. ಅಲ್ಲಿ ಕೊಡಬೇಕಾದವರು ಪರದೇಶದವರಲ್ಲ, ಎದುರು ಕೂತವರೇ. 1906ರಲ್ಲಿ ವಿಠ್ಠಲ ರಾಮಜಿ ಶಿಂದೆ ಅಸ್ಪೃಶ್ಯರ ಶಿಕ್ಷಣಕ್ಕಾಗಿ ಮಿಷನ್ ಆರಂಭಿಸಿದಾಗ ಅಧ್ಯಕ್ಷತೆ ಹೊತ್ತವರು ಚಂದಾವರ್ಕರ್. ಮೈಮುರಿದು ದುಡಿದವರು ಶಿಂದೆ, ನಿಜ. ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರು ಆ ಕೆಲಸದ ಬೆನ್ನಿಗೆ ನಿಂತದ್ದು ಆ ಕಾಲದ ಮುಂಬಯಿಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಇಲ್ಲೂ ಒಂದು ತೊಡಕಿದೆ. 1917ರ ನವೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಅಸ್ಪೃಶ್ಯರ ಸಭೆಗೆ ಚಂದಾವರ್ಕರರದೇ ಅಧ್ಯಕ್ಷತೆ. ಸ್ವಯಮಾಡಳಿತ ಕೋರಿದ ಕಾಂಗ್ರೆಸ್–ಮುಸ್ಲಿಂ ಲೀಗ್ ಯೋಜನೆಗೆ ಬೆಂಬಲ, ಅಸ್ಪೃಶ್ಯತೆಯ ವಿರುದ್ಧ ಕಾಂಗ್ರೆಸ್ ಗೊತ್ತುವಳಿ ಮಾಡಲಿ ಎಂಬ ಕೋರಿಕೆ, ಎರಡೂ ಅಲ್ಲಿ ಜೊತೆಯಾಗಿ ಹೊರಬಿದ್ದವು. ಮುಂದೆ ಅಂಬೇಡ್ಕರರು ತಮ್ಮ ಪುಸ್ತಕವೊಂದರಲ್ಲಿ ಈ ಪ್ರಸಂಗವನ್ನು ಎತ್ತಿಕೊಂಡು ಕಾಂಗ್ರೆಸ್ಸಿನ ಉದ್ದೇಶವನ್ನೇ ಪ್ರಶ್ನಿಸಿದರು. ಅವರ ವಾದ ಸರಿಯಾದದ್ದು. ನೊಂದವರ ಸಭೆಯ ಕುರ್ಚಿಯಲ್ಲಿ ನೊಂದವರೇ ಕೂರಬೇಕು ಎಂಬ ಅರಿವು ಚಂದಾವರ್ಕರರ ಪೀಳಿಗೆಗೆ ಬಂದಿರಲಿಲ್ಲ.

ಇಂದೋರಿನ ದಿವಾನಗಿರಿ, ಮುಂಬಯಿ ವಿಶ್ವವಿದ್ಯಾಲಯದ ಕುಲಪತಿ ಸ್ಥಾನ, 1921ರಲ್ಲಿ ಪ್ರಾಂತೀಯ ಶಾಸನಸಭೆಯ ಅಧ್ಯಕ್ಷತೆ: ಹುದ್ದೆಗಳ ಪಟ್ಟಿ ಉದ್ದವಿದೆ, ಅದರಿಂದ ಅವರ ತೂಕ ಹೆಚ್ಚುವುದಿಲ್ಲ. 1920ರಲ್ಲಿ ಅವರು ಗಾಂಧಿಯವರ ಅಸಹಕಾರವನ್ನು ಬಹಿರಂಗವಾಗಿ ವಿರೋಧಿಸಿದರು, ಗಾಂಧಿ ‘ಯಂಗ್ ಇಂಡಿಯಾ’ದಲ್ಲಿ ಉತ್ತರ ಕೊಟ್ಟರು. ಕಾಲ ಗಾಂಧಿಯವರ ಕಡೆಗಿತ್ತು. 1923ರ ಮೇ 14ರಂದು ಚಂದಾವರ್ಕರ್ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು.

ರಾಜಕಾರಣಿಯಾಗಿ ಅವರು ಎರಡನೆಯ ಸಾಲಿನವರು, ಸಮಾಜ ಸುಧಾರಕರಾಗಿ ಮೊದಲನೆಯ ಸಾಲಿನವರು. ಅವರ ಭಾಷಣ, ಬರಹಗಳ ಇಂಗ್ಲಿಷ್ ಸಂಪುಟ 1911ರಲ್ಲೇ ಪ್ರಕಟವಾಗಿದೆ. ಅದರಲ್ಲಿನ ಸಮಾಜ ಸುಧಾರಣೆಯ ಭಾಷಣಗಳನ್ನಾದರೂ ಆಯ್ದು, ಅಂಬೇಡ್ಕರರ ಟೀಕೆಯನ್ನೂ ಜೊತೆಗಿಟ್ಟು, ಒಳ್ಳೆಯ ಟಿಪ್ಪಣಿಗಳೊಡನೆ ಕನ್ನಡಕ್ಕೆ ತರಬೇಕು. ಮುಂಬಯಿಯ ಕನ್ನಡ ಸಂಘಗಳೂ ಉತ್ತರ ಕನ್ನಡದ ವಿದ್ವಾಂಸರೂ ಸೇರಿ ಈ ಕೆಲಸ ಕೈಗೆತ್ತಿಕೊಳ್ಳಲಿ.