ದೊಡ್ಡ ಮೊಲ, ಸಣ್ಣ ಹಿತ್ತಲು

ಸಾಕುಮೊಲಗಳ ಪೈಕಿ ಗಾತ್ರಕ್ಕೆ ಹೆಸರಾದ ತಳಿ ಫ್ಲೆಮಿಶ್ ಜೈಂಟ್. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಸೀಮೆ, ಅದರಲ್ಲೂ ಗೆಂಟ್ ನಗರದ ಸುತ್ತಲಿನ ಊರುಗಳು ಇದರ ತವರು. ತಳಿಯ ಲಕ್ಷಣಗಳು ಬರಹಕ್ಕೆ ಇಳಿದದ್ದು 19ನೆಯ ಶತಮಾನದ ಕೊನೆಯ ದಶಕದಲ್ಲಿ. ಅದೇ ಸುಮಾರಿಗೆ ಅದು ಅಮೆರಿಕವನ್ನೂ ತಲುಪಿತು. ಎಲ್ಲ ಸಾಕುಮೊಲಗಳ ಮೂಲವಾದ ಸ್ಪೇನ್, ಪೋರ್ಚುಗಲ್ ಕಡೆಯ ಕಾಡುಮೊಲ ಒಂದೂವರೆ, ಹೆಚ್ಚೆಂದರೆ ಎರಡು ಕೆ.ಜಿ. ತೂಗುತ್ತದೆ. ಅದೇ ವಂಶದಲ್ಲಿ ಹುಟ್ಟಿದ ಫ್ಲೆಮಿಶ್ ಜೈಂಟ್ ಸಾಮಾನ್ಯವಾಗಿ 6ರಿಂದ 7 ಕೆ.ಜಿ. ತೂಗುತ್ತದೆ, ಕೆಲವು 9–10 ಕೆ.ಜಿ. ಮುಟ್ಟುವುದೂ ಉಂಟು. ಇದರ ಬಳಗದ ಕಾಂಟಿನೆಂಟಲ್ ಜೈಂಟ್ ತಳಿಯ ಒಂದು ಮೊಲ 2010ರಲ್ಲಿ ಇಂಗ್ಲೆಂಡಿನಲ್ಲಿ 129 ಸೆಂ.ಮೀ. ಉದ್ದ ಅಳೆದು ಗಿನ್ನೆಸ್ ದಾಖಲೆಗೆ ಸೇರಿತು. ಭಾರತದ ಸಾಕಣೆದಾರರಿಗೆ ಪರಿಚಿತವಾದ ಗ್ರೇ ಜೈಂಟ್‌ನಲ್ಲಿಯೂ ಫ್ಲೆಮಿಶ್ ರಕ್ತವಿದೆ. ಉಕ್ರೇನಿನ ಪೋಲ್ತಾವಾ ಸೀಮೆಯಲ್ಲಿ ಫ್ಲೆಮಿಶ್ ಮೊಲವನ್ನು ಸ್ಥಳೀಯ ಮೊಲಗಳೊಂದಿಗೆ ಬೆರೆಸಿ ಆ ತಳಿಯನ್ನು ರೂಪಿಸಿದರು. ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್‌ಗಳ ಜೊತೆ ಅದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಗಾರ್ಸಾ ಸಂಶೋಧನಾ ಕೇಂದ್ರಕ್ಕೆ ಬಂದು, ಅಲ್ಲಿಂದ ದೇಶದಲ್ಲಿ ಹರಡಿತು. ಈ ಮೂರೂ ಸುಮಾರು 4ರಿಂದ 5 ಕೆ.ಜಿ. ತೂಗುವ ತಳಿಗಳು. ಹೆಸರಿನಲ್ಲಿ ಜೈಂಟ್ ಎಂದಿದ್ದರೂ ಫ್ಲೆಮಿಶ್‌ನ ಪಕ್ಕದಲ್ಲಿ ಅವು ಮಧ್ಯಮ ಗಾತ್ರದವು.

ಸಣ್ಣ ಹಿಡುವಳಿಯವರು ದೈತ್ಯ ಮೊಲದ ಕಡೆಗೆ ಒಲಿಯುವುದಕ್ಕೆ ಕಾರಣ ಸರಳ. ಒಂದೇ ಮೊಲದಲ್ಲಿ ಎರಡು ಮೊಲದ ಮಾಂಸ ಸಿಗುವುದಾದರೆ ಗೂಡು, ಕೆಲಸ, ಖರ್ಚು ಎಲ್ಲವೂ ಅರ್ಧಕ್ಕೆ ಇಳಿಯಬೇಕಲ್ಲ ಎಂಬುದು ಆ ಲೆಕ್ಕ. ಇದೇ ಲೆಕ್ಕವನ್ನು ಒಂದು ದೇಶವೂ ಹಾಕಿತು. ಜರ್ಮನಿಯ ಎಬರ್ಸ್‌ವಾಲ್ಡೆ ಊರಿನ ಸಾಕಣೆದಾರರೊಬ್ಬರ ಬೂದು ದೈತ್ಯ ಮೊಲ 10.5 ಕೆ.ಜಿ. ತೂಗಿ 2006ರಲ್ಲಿ ಸುದ್ದಿಯಾದಾಗ ಉತ್ತರ ಕೊರಿಯಾದ ರಾಯಭಾರ ಕಚೇರಿ ಅವರನ್ನು ಸಂಪರ್ಕಿಸಿ, ಹಸಿವು ನೀಗಿಸಲು ತಳಿ ಬೆಳೆಸುತ್ತೇವೆಂದು 12 ಮೊಲಗಳನ್ನು ತರಿಸಿಕೊಂಡಿತು. ಅವುಗಳ ಗತಿ ಏನಾಯಿತು ಎಂಬುದು ಮರುವರ್ಷ ವಿವಾದಕ್ಕೆ ಒಳಗಾಯಿತು. ಅವನ್ನು ಔತಣಕ್ಕೆ ಬಳಸಿರಬೇಕು ಎಂದು ಸಾಕಣೆದಾರರು ಶಂಕಿಸಿದರು. ರಾಯಭಾರ ಕಚೇರಿ ಅಲ್ಲಗಳೆಯಿತು. ಪತ್ರಿಕೆಗಳು ಆ ವಿವಾದಕ್ಕೇ ಹೆಚ್ಚು ಜಾಗ ಕೊಟ್ಟವು. ವಿಚಾರ ಮಾಡಬೇಕಾದ ಪ್ರಶ್ನೆ ಅದಕ್ಕಿಂತ ಹಿಂದಿನದು: ಆ ಮೊಲಗಳು ಬದುಕಿ ಬೆಳೆದಿದ್ದರೂ ಮೇವಿನ ಬರ ಇರುವ ನಾಡಿಗೆ ಅವು ಸರಿಯಾದ ಆಯ್ಕೆಯಾಗಿದ್ದವೆ? ಅಲ್ಲ.

ಮೊಲ ಸಾಕಣೆಯಲ್ಲಿ ಮಾಂಸದ ಮೂಲ ಮರಿಗಳೇ ಹೊರತು ತಾಯಿಯ ದೇಹವಲ್ಲ. ಆದ್ದರಿಂದ ಎಣಿಸಬೇಕಾದದ್ದು ಒಂದು ತಾಯಿಮೊಲ ವರ್ಷಕ್ಕೆ ಎಷ್ಟು ಮರಿಗಳನ್ನು ಹಾಲು ಬಿಡಿಸುವ ಹಂತಕ್ಕೆ ತರುತ್ತದೆ, ಆ ಮರಿಗಳು ಎಷ್ಟು ವಾರದಲ್ಲಿ ಎಷ್ಟು ಮೇವು ತಿಂದು ಮಾರಾಟದ ತೂಕಕ್ಕೆ ಬರುತ್ತವೆ ಎಂಬುದನ್ನು. ನ್ಯೂಜಿಲೆಂಡ್ ವೈಟ್ ತಳಿಯ ಹೆಣ್ಣು 5–6 ತಿಂಗಳಿಗೆ ಗಂಡಿಗೆ ಬಿಡಲು ಸಿದ್ಧವಾಗುತ್ತದೆ. ಅದರ ಮರಿಗಳು 10ರಿಂದ 12 ವಾರಕ್ಕೆ 2 ಕೆ.ಜಿ. ದಾಟುತ್ತವೆ. ಫ್ಲೆಮಿಶ್ ಹೆಣ್ಣಿಗೆ 8–9 ತಿಂಗಳು ತುಂಬುವವರೆಗೆ ಕಾಯಬೇಕು. ಆ ಮೂರು ತಿಂಗಳು ಅದು ತಿನ್ನುವ ಮೇವಿಗೆ ಪ್ರತಿಫಲವೇ ಇಲ್ಲ. ದೈತ್ಯ ತಳಿಯ ಮರಿಗಳೂ ಬೇಗ ತೂಕ ಏರುತ್ತವೆ ನಿಜ, ಆದರೆ ಮೊದಲು ಬೆಳೆಯುವುದು ಮೂಳೆ. 12 ವಾರದ ಫ್ಲೆಮಿಶ್ ಮರಿಯನ್ನು ತಕ್ಕಡಿಗೆ ಹಾಕಿದರೆ ಮುಳ್ಳು ಮುಂದೆ ಹೋಗುತ್ತದೆ. ಅದನ್ನೇ ಮಾಂಸ ಮಾಡಿದರೆ ಮೂಳೆ, ಚರ್ಮ, ಕರುಳಿನ ಪಾಲು ಹೆಚ್ಚು. ಮೈ ತುಂಬಿಕೊಳ್ಳಲು ಅದಕ್ಕೆ ಒಂದು ವರ್ಷವೂ ಸಾಲದು. ಅಷ್ಟು ದಿನ ಇಟ್ಟುಕೊಂಡರೆ ಮೇವಿನ ಖರ್ಚು ಮಾಂಸದ ಬೆಲೆಯನ್ನು ಮೀರುತ್ತದೆ.

ಇಲ್ಲಿ ದೈತ್ಯ ಮೊಲದ ಪರವಾಗಿ ಹೇಳಬೇಕಾದ ಮಾತೊಂದಿದೆ. ಪ್ರಾಣಿಯ ದೇಹತೂಕ ಇಮ್ಮಡಿಯಾದರೆ ಮೈ ಉಳಿಸಿಕೊಳ್ಳಲು ಬೇಕಾದ ಆಹಾರ ಇಮ್ಮಡಿಯಾಗುವುದಿಲ್ಲ, ಸುಮಾರು 1.7 ಪಟ್ಟಾಗುತ್ತದೆ. ಪ್ರತಿ ಕೆ.ಜಿ. ದೇಹಕ್ಕೆ ಲೆಕ್ಕ ಹಾಕಿದರೆ ದೊಡ್ಡ ಮೊಲವೇ ಮಿತಾಹಾರಿ. ಆದರೆ ಈ ಉಳಿತಾಯ ಸಾಕಣೆದಾರನ ಕೈಗೆ ಬರುವುದು ಮರಿಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಏರಿದಾಗ ಮಾತ್ರ. ಅದು ಏರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1986ರಲ್ಲಿ ಹೊರತಂದು 1997ರಲ್ಲಿ ಪರಿಷ್ಕರಿಸಿದ ಮೊಲ ಸಾಕಣೆಯ ಗ್ರಂಥ 5 ಕೆ.ಜಿ. ಮೀರಿದ ತಳಿಗಳನ್ನು ಭಾರೀ ತಳಿಗಳೆಂದು ವಿಂಗಡಿಸಿ, ಅವುಗಳ ಸಂತಾನಶಕ್ತಿ ಸಾಮಾನ್ಯವಾಗಿ ಕಡಿಮೆ, ಅವುಗಳ ಬೆಳವಣಿಗೆಯ ಗುಣವನ್ನು ಮಿಶ್ರತಳಿಗೆ ಬಳಸಿಕೊಳ್ಳಬಹುದು ಎಂಬ ನಿಲುವು ತಾಳಿದೆ. ಇಷ್ಟು ವರ್ಷಗಳ ನಂತರವೂ ಆ ನಿಲುವನ್ನು ಬದಲಿಸಲು ಕಾರಣ ಕಾಣುವುದಿಲ್ಲ.

ದೈತ್ಯ ತಳಿ ಮರಿಗಳ ಲೆಕ್ಕ ಬಿಟ್ಟು ಗಾತ್ರದ ದಾರಿ ಹಿಡಿದದ್ದಕ್ಕೆ ಮೊಲಗಳ ಪ್ರದರ್ಶನದ ಮೇಜೂ ಹೊಣೆ. ಅಮೆರಿಕದ ಮೊಲ ಸಾಕಣೆದಾರರ ಸಂಘದ ನಿಯಮದಂತೆ ಬೆಳೆದ ಫ್ಲೆಮಿಶ್ ಗಂಡು ಕನಿಷ್ಠ 13 ಪೌಂಡ್, ಹೆಣ್ಣು ಕನಿಷ್ಠ 14 ಪೌಂಡ್ ತೂಗಬೇಕು. ಕೆಳಗಿನ ಮಿತಿ ಇದೆ, ಮೇಲಿನ ಮಿತಿ ಇಲ್ಲ. ತೀರ್ಪುಗಾರರು ಉದ್ದ, ತೂಕ, ಬಣ್ಣ, ತುಪ್ಪಳ ನೋಡುತ್ತಾರೆ. ತಾಯಿ ಎಷ್ಟು ಮರಿ ಉಳಿಸಿತು, ಅಂಗಾಲು ಎಷ್ಟು ವರ್ಷ ತಾಳಿತು ಎಂಬುದು ಮೇಜಿನ ಮೇಲೆ ಕಾಣುವುದಿಲ್ಲ. ಪ್ರದರ್ಶನದಲ್ಲಿ ಗೆದ್ದ ಮೊಲದ ಮರಿಯನ್ನು ಹಿತ್ತಲಿಗೆ ತರುವವರು ಈ ಅಂತರವನ್ನು ಗಮನಿಸಬೇಕು.

ತಳಿ ಬೆಳೆಸುವ ಕೆಲಸದಲ್ಲಿ ದೊಡ್ಡ ಮೊಲಕ್ಕೂ ಚಿಕ್ಕದಕ್ಕೂ ಮೂಲ ನಿಯಮ ಒಂದೇ. ಮೊಲದಲ್ಲಿ ಅಂಡ ಬಿಡುಗಡೆಯಾಗುವುದು ಗಂಡಿನೊಂದಿಗೆ ಕೂಡಿದ ಮೇಲೆ, ಸುಮಾರು 10–12 ಗಂಟೆಗಳಲ್ಲಿ. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ತನ್ನ ಗೂಡಿಗೆ ಬಂದ ಗಂಡನ್ನು ಹೆಣ್ಣು ಕಚ್ಚಿ ಓಡಿಸುತ್ತದೆ. ಗರ್ಭ ನಿಂತಿದೆಯೇ ಎಂಬುದನ್ನು ಪಳಗಿದ ಕೈ 12–14ನೆಯ ದಿನ ಹೊಟ್ಟೆ ಮುಟ್ಟಿ ಹೇಳುತ್ತದೆ. 28ನೆಯ ದಿನ ಗೂಡಿನೊಳಗೆ ಮರಿಪೆಟ್ಟಿಗೆ ಇಟ್ಟರೆ ತಾಯಿ ಒಣಹುಲ್ಲಿನ ಮೇಲೆ ತನ್ನ ಎದೆಯ ತುಪ್ಪಳ ಕಿತ್ತು ಹಾಸಿ, 31ನೆಯ ದಿನದ ಆಸುಪಾಸಿನಲ್ಲಿ ಮರಿ ಹಾಕುತ್ತದೆ. ಫ್ಲೆಮಿಶ್ ಒಂದು ಸೂಲಿಗೆ ಹತ್ತು ಹನ್ನೆರಡು ಮರಿ ಹಾಕುವುದು ಅಪರೂಪವಲ್ಲ. ಮೊಲೆತೊಟ್ಟುಗಳು ಎಂಟರಿಂದ ಹತ್ತು. ತಾಯಿ ಹಾಲೂಡುವುದು ದಿನಕ್ಕೆ ಒಂದೇ ಸಲ, ಅದೂ ಮೂರು ನಾಲ್ಕು ನಿಮಿಷ. ಆ ನಿಮಿಷಗಳಲ್ಲಿ ತೊಟ್ಟು ಸಿಗದ ಮರಿ ಮರುದಿನದವರೆಗೆ ಕಾಯಬೇಕು, ಬಹಳ ಸಲ ಅದು ಅಲ್ಲಿಯವರೆಗೆ ಉಳಿಯುವುದಿಲ್ಲ. ಇದರ ಮೇಲೆ ತಾಯಿಯ ಭಾರವಿದೆ: 7 ಕೆ.ಜಿ.ಯ ಪ್ರಾಣಿ ಇಕ್ಕಟ್ಟಿನ ಪೆಟ್ಟಿಗೆಗೆ ಧುಮುಕಿದರೆ ಬತ್ತಲೆ ಮೈಯ ಮರಿಗಳು ಅಡಿಯಲ್ಲಿ ಅಪ್ಪಚ್ಚಿಯಾಗುತ್ತವೆ. ಪೆಟ್ಟಿಗೆ ತಾಯಿ ಒಳಗೆ ತಿರುಗುವಷ್ಟು ಅಗಲವಿರಬೇಕು, ಬಾಗಿಲ ಅಂಚು ತಗ್ಗಾಗಿರಬೇಕು. ಎರಡು ಹೆಣ್ಣುಗಳನ್ನು ಒಂದೇ ದಿನ ಗಂಡಿಗೆ ಬಿಟ್ಟರೆ ಒಂದರ ಹೆಚ್ಚುವರಿ ಮರಿಗಳನ್ನು ಇನ್ನೊಂದರ ಪೆಟ್ಟಿಗೆಗೆ ಸೇರಿಸಬಹುದು. ಮೊಲ ಪರರ ಮರಿಯನ್ನು ಸಾಮಾನ್ಯವಾಗಿ ತಳ್ಳುವುದಿಲ್ಲ. ಎಷ್ಟೋ ಮರಿಗಳ ಜೀವ ಉಳಿಯುವುದು ಈ ಸಣ್ಣ ಮುಂದಾಲೋಚನೆಯಿಂದ.

ಗೂಡಿನ ವಿಷಯದಲ್ಲಿ ದೈತ್ಯ ಮೊಲ ಇನ್ನೂ ಕಟ್ಟುನಿಟ್ಟು. ಮಧ್ಯಮ ತಳಿಗೆ ತಂತಿಬಲೆಯ ನೆಲ ಅನುಕೂಲ. ಹಿಕ್ಕೆ ಕೆಳಗೆ ಬೀಳುತ್ತದೆ, ರೋಗ ಕಡಿಮೆ. ಮೊಲದ ಪಾದಕ್ಕೆ ನಾಯಿ ಬೆಕ್ಕುಗಳಿಗಿರುವಂಥ ಮೆತ್ತೆಯಿಲ್ಲ, ತುಪ್ಪಳವೊಂದೇ ರಕ್ಷಣೆ. ಭಾರ ಹೆಚ್ಚಿದಂತೆ ತಂತಿ ಚರ್ಮಕ್ಕೆ ಒತ್ತಿ ತುಪ್ಪಳ ಸವೆದು ಹಿಂಗಾಲಿನ ಅಡಿಯಲ್ಲಿ ಹುಣ್ಣಾಗುತ್ತದೆ. ಹುಣ್ಣಾದ ಗಂಡು ಹೆಣ್ಣನ್ನು ಹತ್ತುವುದಿಲ್ಲ, ತಾಯಿ ಮೇವು ಬಿಡುತ್ತದೆ. ಫ್ಲೆಮಿಶ್‌ಗೆ ಮಲಗಲು ಹಲಗೆ ಅಥವಾ ಗಟ್ಟಿ ನೆಲ ಬೇಕೇ ಬೇಕು. ಆ ನೆಲವನ್ನು ಪ್ರತಿದಿನ ಗುಡಿಸಿ ಒಣಗಿಸಿ ಇಡಬೇಕು. ಇಲ್ಲವಾದರೆ ಹಿಕ್ಕೆಯ ಮೂಲಕ ಹರಡುವ ಕಾಕ್ಸಿಡಿಯಾ ರೋಗ ಮರಿಗಳನ್ನು ಸಾಲುಸಾಲಾಗಿ ಒಯ್ಯುತ್ತದೆ. ಒಂದು ಮೊಲಕ್ಕೆ ಸುಮಾರು 120 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲದ ಗೂಡು ಕನಿಷ್ಠ. ಎರಡು ಮೊಲದ ಕೆಲಸ ಒಂದರಲ್ಲಿ ಮುಗಿಯುತ್ತದೆ ಎಂಬ ಮೊದಲಿನ ಲೆಕ್ಕ ಇಲ್ಲಿಯೂ ನಿಲ್ಲುವುದಿಲ್ಲ.

ಕರ್ನಾಟಕದಂಥ ನಾಡಿನಲ್ಲಿ ಎಲ್ಲಕ್ಕಿಂತ ಭಾರವಾದ ಆಕ್ಷೇಪ ಸೆಖೆಯದು. ಮೊಲ ಬೆವರುವುದಿಲ್ಲ. ಕಿವಿಯ ರಕ್ತನಾಳಗಳು ಮತ್ತು ಉಸಿರಾಟವೇ ಅದರ ಮೈಶಾಖ ಹೊರಹೋಗುವ ದಾರಿ. ಅದಕ್ಕೆ ಹಿತವಾದ ಉಷ್ಣತೆ 15ರಿಂದ 20 ಡಿಗ್ರಿ. 30 ಡಿಗ್ರಿ ದಾಟಿ ಅಲ್ಲಿಯೇ ನಿಂತರೆ ಮೇವು ತಿನ್ನುವುದು ಇಳಿಯುತ್ತದೆ, ಗಂಡಿನ ವೀರ್ಯ ಕೆಡುತ್ತದೆ. ಹೊಸ ವೀರ್ಯ ತಯಾರಾಗಲು ಒಂದೂವರೆ ತಿಂಗಳಿಗೂ ಹೆಚ್ಚು ಬೇಕಾದ್ದರಿಂದ ಏಪ್ರಿಲ್ ಸೆಖೆಯ ನಷ್ಟ ಜೂನ್ ತಿಂಗಳ ಖಾಲಿ ಪೆಟ್ಟಿಗೆಯಲ್ಲಿ ಕಾಣುತ್ತದೆ. ದೇಹ ದೊಡ್ಡದಾದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಶಾಖ ಹೊರಹೋಗುವುದು ನಿಧಾನ. ಉತ್ತರ ಯುರೋಪಿನ ಚಳಿಯಲ್ಲಿ ವರವಾದ ಗಾತ್ರ ರಾಯಚೂರು, ಕಲಬುರಗಿಯ 40 ಡಿಗ್ರಿಯಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಕರಾವಳಿಯಲ್ಲಿ ಉಷ್ಣತೆ ಅಷ್ಟಿಲ್ಲದಿದ್ದರೂ ಹವೆಯ ತೇವ ಉಸಿರಿನಿಂದ ಶಾಖ ಕಳೆಯಲು ಬಿಡುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಎತ್ತರದ ತೋಟಗಳಲ್ಲಿ ಪ್ರಯತ್ನಿಸಲು ಅವಕಾಶವಿದೆ. ಉಳಿದೆಡೆ ಮರದ ನೆರಳು, ಹುಲ್ಲಿನ ಚಾವಣಿ, ಒದ್ದೆ ಗೋಣಿಚೀಲದ ಪರದೆ, ಮಲಗಲು ತಂಪು ಕಲ್ಲುಚಪ್ಪಡಿ ಇಷ್ಟನ್ನೂ ಒದಗಿಸಿದ ಮೇಲೂ ನಡುಬೇಸಗೆಯಲ್ಲಿ ಗಂಡಿಗೆ ಬಿಡುವುದನ್ನು ನಿಲ್ಲಿಸುವುದೇ ಸರಿ.

ಮೇವಿನ ವಿಷಯದಲ್ಲಿ ಸಣ್ಣ ಹಿಡುವಳಿಗೆ ನಿಜವಾದ ಅನುಕೂಲವಿದೆ. ಮೊಲ ಸೀಕಮ್ ಎಂಬ ಹಿಂಗರುಳಿನ ಚೀಲದಲ್ಲಿ ಮೇವನ್ನು ಹುದುಗಿಸಿ, ಅಲ್ಲಿ ತಯಾರಾದ ಮೆತ್ತನೆಯ ಹಿಕ್ಕೆಯನ್ನು ನೇರವಾಗಿ ಗುದದಿಂದಲೇ ತಿಂದು ಅದರ ಪ್ರೊಟೀನು, ಬಿ ಜೀವಸತ್ವಗಳನ್ನು ಪಡೆಯುತ್ತದೆ. ಹಾಗಾಗಿ ಸೊಪ್ಪುಸದೆಯನ್ನು ಮಾಂಸವಾಗಿಸುವ ಶಕ್ತಿ ಅದಕ್ಕಿದೆ. ಕೋಲಾರ, ರಾಮನಗರದ ಕಡೆ ರೇಷ್ಮೆಗೆ ಬೆಳೆಯುವ ಹಿಪ್ಪುನೇರಳೆ ಸೊಪ್ಪನ್ನು ಮೊಲ ಆಸೆಯಿಂದ ತಿನ್ನುತ್ತದೆ; ಔಷಧಿ ಹೊಡೆದ ಸಾಲಿನದಾಗಿರಬಾರದು ಅಷ್ಟೇ. ಅಲಸಂದೆ, ಹುರುಳಿ ಬಳ್ಳಿ ಒಳ್ಳೆಯವು. ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಿಷಾಂಶ ಇರುವುದರಿಂದ ಅದು ಮೇವಿನ ಸಣ್ಣ ಪಾಲಾಗಿ ಮಾತ್ರ ಇರಬೇಕು. ಕುದುರೆ ಮಸಾಲೆ ಬೆಳೆಯುವ ಮರಿಗೂ ಹಾಲೂಡುವ ತಾಯಿಗೂ ತಕ್ಕದ್ದು; ಸುಮ್ಮನೆ ಕೂತ ದೊಡ್ಡ ಮೊಲಕ್ಕೆ ಅದನ್ನೇ ಸುರಿದರೆ ಹೆಚ್ಚುವರಿ ಸುಣ್ಣದಂಶ ಮೂತ್ರಕೋಶದಲ್ಲಿ ಕೆಸರಾಗಿ ಕೂರುತ್ತದೆ. ಒಣಹುಲ್ಲು ಯಾವಾಗಲೂ ಮುಂದಿರಬೇಕು, ಯಾವ ಮೇವನ್ನೂ ದಿಢೀರನೆ ಬದಲಿಸಬಾರದು. ಬರೀ ಸೊಪ್ಪಿನಲ್ಲಿ ಮಧ್ಯಮ ತಳಿಯ ಮರಿ ತುಸು ತಡವಾಗಿಯಾದರೂ ಬೆಳೆಯುತ್ತದೆ. ದೈತ್ಯ ತಳಿಯ ಮರಿಗೆ ಕಾಳು, ಹಿಂಡಿ ಸೇರಿದ ಆಹಾರ ಬಿದ್ದರೇ ತಳಿಯ ಗಾತ್ರ ಬರುವುದು. ಅಂಗಡಿಯಿಂದ ತಂದ ಪೆಲೆಟ್ಟನ್ನೇ ನೆಚ್ಚಿಕೊಂಡರೆ ಹಿತ್ತಲಿನ ಸಾಕಣೆಗೆ ಇದ್ದ ಅನುಕೂಲವೇ ಕೈತಪ್ಪುತ್ತದೆ.

ಇಷ್ಟೆಲ್ಲ ಆಕ್ಷೇಪಗಳ ನಡುವೆಯೂ ದೊಡ್ಡ ಮೊಲಕ್ಕೆ ಹಿತ್ತಲಿನಲ್ಲಿ ಮೂರು ಸಲ್ಲುವ ಸ್ಥಾನಗಳಿವೆ. ಮೊದಲನೆಯದು ಸ್ವಭಾವ. ಫ್ಲೆಮಿಶ್ ಶಾಂತ ಪ್ರಾಣಿ, ಮನುಷ್ಯರ ನಡುವೆ ಹೆದರದೆ ಇರುತ್ತದೆ. ಆದರೆ ಕಿವಿ ಹಿಡಿದು ಎತ್ತುವುದು ಕ್ರೌರ್ಯ. ಹಿಂಭಾಗಕ್ಕೆ ಆಸರೆ ಕೊಡದೆ ಎತ್ತಿದರೆ ಅದು ಒದೆಯುವ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಎರಡನೆಯದು ಗೊಬ್ಬರ. ಮೊಲದ ಹಿಕ್ಕೆಯನ್ನು ಕೋಳಿಗೊಬ್ಬರದಂತೆ ಕೊಳೆಸಿ ಕಾಯಬೇಕಿಲ್ಲ, ನೇರವಾಗಿ ಪಾತಿಗೆ ಹಾಕಿದರೂ ಗಿಡ ಸುಡುವುದಿಲ್ಲ. ಗೂಡಿನ ಕೆಳಗೇ ಎರೆಹುಳು ಬಿಟ್ಟುಕೊಂಡವರಿಗೆ ತರಕಾರಿಗೆ ಬೇರೆ ಗೊಬ್ಬರ ಕೊಳ್ಳುವ ಅಗತ್ಯ ಬಹಳ ಕಡಿಮೆಯಾಗುತ್ತದೆ. ಮೂರನೆಯದು, ಸಾಕಣೆದಾರನಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಮಿಶ್ರತಳಿ. ಮಧ್ಯಮ ತಳಿಯ ನಾಲ್ಕೈದು ಹೆಣ್ಣುಗಳಿಗೆ ಒಂದು ದೈತ್ಯ ಗಂಡು ಇದ್ದರೆ ಮರಿಗಳಿಗೆ ತಂದೆಯ ಬೆಳವಣಿಗೆಯ ವೇಗವೂ ತಾಯಿಯ ಹಾಲಿನ ಆರೈಕೆಯೂ ಒಟ್ಟಿಗೆ ಸಿಗುತ್ತವೆ. ತಾಯಂದಿರು ಚಿಕ್ಕವಾದ್ದರಿಂದ ಮೇವು, ಗೂಡು ಎರಡರಲ್ಲೂ ಉಳಿತಾಯ. ದುಬಾರಿಯಾಗುವ ದೊಡ್ಡ ಪ್ರಾಣಿ ಒಂದೇ. ಹೀಗೆ ಹುಟ್ಟಿದ ಮರಿಗಳನ್ನು ಮಾರಾಟಕ್ಕೆ ಮಾತ್ರ ಬೆಳೆಸಬೇಕು, ಅವುಗಳಿಂದಲೇ ತಳಿ ಮುಂದುವರಿಸಿದರೆ ಮುಂದಿನ ತಲೆಮಾರಿನ ಗುಣಗಳು ಚೆದುರುತ್ತವೆ.

ಮರಿ ಕೊಳ್ಳುವ ಹಂತದಲ್ಲಿಯೇ ಹೆಚ್ಚಿನವರ ಹಣ ಹೋಗುವುದು. ಭಾರತದಲ್ಲಿ ಏಳು ಹೆಣ್ಣು, ಮೂರು ಗಂಡು ಸೇರಿಸಿ ಒಂದು ಯೂನಿಟ್ ಎಂದು ಮಾರುವ ರೂಢಿಯಿದೆ. ಹುಟ್ಟಿದ ಮರಿಗಳನ್ನೆಲ್ಲ ತಾವೇ ವಾಪಸ್ ಕೊಳ್ಳುತ್ತೇವೆ ಎಂಬ ಭರವಸೆಯೂ ಅದಕ್ಕೆ ಅಂಟಿಕೊಂಡು ಬರುತ್ತದೆ. ಆ ಮರಿಗಳು ಮುಂದಿನ ಗಿರಾಕಿಗೆ ಯೂನಿಟ್ ಆಗಿ ಹೋಗುತ್ತವೆಯೇ ಹೊರತು ತಟ್ಟೆಗೆ ಹೋಗುವುದಿಲ್ಲ. ತಿನ್ನುವ ಗಿರಾಕಿಯಿಲ್ಲದ ವ್ಯಾಪಾರ ಹೊಸ ಸಾಕಣೆದಾರರು ಸಿಗುವವರೆಗೆ ಮಾತ್ರ ನಡೆಯುತ್ತದೆ. ಹತ್ತಿರದ ಊರಿನಲ್ಲಿ ಮೊಲದ ಮಾಂಸ ಕೊಳ್ಳುವವರು ಯಾರು, ಎಷ್ಟಕ್ಕೆ ಎಂದು ಮೊದಲು ವಿಚಾರಿಸಿ, ಆಮೇಲೆ ಗೂಡು ಕಟ್ಟಿಸುವುದು ಕ್ಷೇಮ. ಮರಿಗೆ ಹಣ ಕೊಡುವ ಬದಲು ನಮ್ಮ ಹೊಲದಲ್ಲಿ ಓಡಾಡುವ ಕಾಡುಮೊಲವನ್ನೇ ಸಾಕೋಣವೆಂದರೆ ಅದು ಸಾಕುಮೊಲಕ್ಕಿಂತ ಬೇರೆಯೇ ಜಾತಿ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವಂತಿಲ್ಲ.

ಕೊಳ್ಳುವಾಗ ತೂಕದ ಮಾತಿಗೆ ಮರುಳಾಗದೆ ಮೊಲವನ್ನು ಅಂಗಾತ ತಿರುಗಿಸಿ ಅಂಗಾಲು ನೋಡಬೇಕು. ತುಟಿ ಸರಿಸಿ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಕೂರುತ್ತದೆಯೇ ಎಂದು ಪರೀಕ್ಷಿಸಬೇಕು. ವಕ್ರಹಲ್ಲು ಬಹುಮಟ್ಟಿಗೆ ವಂಶದಿಂದ ಬರುವ ದೋಷ. ಕಿವಿಯೊಳಗೆ ಹಕ್ಕಳೆ ಇದ್ದರೆ ಅದು ಕಜ್ಜಿಹುಳುವಿನ ಗುರುತು. ಮುಂಗಾಲಿನ ಒಳಬದಿಯ ತುಪ್ಪಳ ಅಂಟಂಟಾಗಿದ್ದರೆ ಸುರಿಯುವ ಮೂಗನ್ನು ಮೊಲ ಅಲ್ಲಿ ಒರೆಸಿಕೊಂಡಿದೆ ಎಂದರ್ಥ, ಅಂಥದ್ದನ್ನು ಮನೆಗೆ ತರಬಾರದು. ದೈತ್ಯ ತಳಿಗಳ ಸಂಖ್ಯೆ ಕಡಿಮೆಯಿರುವಲ್ಲಿ ಒಂದೇ ಸೂಲಿನ ಅಣ್ಣತಂಗಿಯರನ್ನು ಜೋಡಿಯೆಂದು ಮಾರುವುದು ಸಾಮಾನ್ಯ. ಆದ್ದರಿಂದ ಗಂಡನ್ನು ಒಂದು ಕಡೆಯಿಂದ, ಹೆಣ್ಣನ್ನು ಮತ್ತೊಂದು ಕಡೆಯಿಂದ ತಂದು, ಪ್ರತಿಯೊಂದರ ಕಿವಿಗೂ ಹಚ್ಚೆಯ ಸಂಖ್ಯೆ ಹಾಕಿಸಿ, ತಂದೆ ತಾಯಿ, ಸೂಲಿನ ದಿನ, ಹುಟ್ಟಿದ ಮರಿ, ಹಾಲು ಬಿಟ್ಟ ಮರಿ, ಎಂಟನೆಯ ವಾರದ ತೂಕ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮೂರು ಸೂಲಿನ ಲೆಕ್ಕ ಕೂಡಿದ ಮೇಲೆ ಯಾವ ತಾಯಿಯನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬುದನ್ನು ಆ ಪುಟಗಳಿಂದಲೇ ತೀರ್ಮಾನಿಸಬಹುದು.