ರಬ್ಬರ್ ತುಟಿಯ ಮೇಲೆ ನಿಂತ ಗುಂಡು

ಚಿಕ್ಕಂದಿನಲ್ಲಿ ಬಿದಿರಿನ ಪೆಟ್ಲು ಮಾಡಿ ಆಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿ ಸಣ್ಣದಾದರೆ ಗಾಳಿ ಸೋರಿ ಪುಸ್ಸೆನ್ನುತ್ತದೆ, ದಪ್ಪವಾದರೆ ಕೊಳವೆಯಲ್ಲೇ ಕಚ್ಚಿಕೊಳ್ಳುತ್ತದೆ. ಕೊಳವೆಗೂ ಕಾಯಿಗೂ ಹೊಂದಿಕೆಯಾದಾಗ ಮಾತ್ರ ‘ಪಟ್’ ಎನ್ನುವುದು. ಟೋಕಿಯೊದಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ನಾನು ಭಾನುವಾರಗಳಂದು ಚಿಬಾ ಪ್ರಾಂತ್ಯದ ಕಾಡಂಚಿನ ಮೈದಾನಗಳಿಗೆ ಏರ್‌ಸಾಫ್ಟ್ ಆಡಲು ಹೋಗುತ್ತಿದ್ದೆ. ಅಲ್ಲಿ ಊಟದ ಬಿಡುವಿನಲ್ಲಿ ಮೇಜುಗಳ ಮೇಲೆ ಬಿಚ್ಚಿಟ್ಟ ಬಂದೂಕುಗಳನ್ನೂ ಅವುಗಳ ಮಾಲೀಕರ ಚಿಂತೆಯನ್ನೂ ನೋಡಿದಾಗಲೆಲ್ಲ ನನಗೆ ಪೆಟ್ಲಿನ ಕಾಯಿ ನೆನಪಾಗುತ್ತಿತ್ತು. ಕೆಲವರು ಗುಂಡು ಸರಿಯಾಗಿ ಬರುತ್ತಿಲ್ಲ ಎಂದು ಮ್ಯಾಗಜೀನ್ ಬದಲಿಸುತ್ತಿದ್ದರು, ಕೆಲವರು ಗುಂಡು ದೂರ ಹೋಗುತ್ತಿಲ್ಲ ಎಂದು ಗುಂಡಿಗೆ ತಿರುಗು ಕೊಡುವ ಹಾಪ್-ಅಪ್ ಭಾಗ ಬದಲಿಸುತ್ತಿದ್ದರು. ಎರಡೂ ದೂರುಗಳ ಬೇರು ಬಹುಪಾಲು ಒಂದೇ ಕಡೆ ಇರುತ್ತದೆ ಎಂಬುದೇ ಈ ಲೇಖನದ ವಾದ.

ಆಟದ ಹಿನ್ನೆಲೆ ಸ್ವಲ್ಪ ಬೇಕು. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಈ ಬಂದೂಕುಗಳು ಬೆಳೆದದ್ದು ಜಪಾನಿನಲ್ಲಿ, ನಿಜವಾದ ಬಂದೂಕು ಸಾಮಾನ್ಯರ ಕೈಗೆ ಸಿಗದ ನಾಡಿನಲ್ಲಿ. 1991ರಲ್ಲಿ ಟೋಕಿಯೊ ಮರುಯಿ ಕಂಪನಿ ತನ್ನ ಮೊದಲ ವಿದ್ಯುತ್ ಬಂದೂಕನ್ನು ಫ್ರಾನ್ಸಿನ ಫಾಮಾಸ್ ರೈಫಲ್ಲಿನ ಆಕಾರದಲ್ಲಿ ತಂದಿತು. 2006ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಅಲ್ಲಿ ಗುಂಡಿನ ಶಕ್ತಿ ಸುಮಾರು 0.98 ಜೌಲ್ ಮೀರುವಂತಿಲ್ಲ. ಅಂದರೆ 0.20 ಗ್ರಾಂ ಗುಂಡಿಗೆ ಸೆಕೆಂಡಿಗೆ ಹೆಚ್ಚುಕಡಿಮೆ 99 ಮೀಟರ್ ವೇಗ. ಆಟ ಶುರುವಾಗುವ ಮುನ್ನ ಮೈದಾನದವರು ಅದನ್ನು ಅಳೆಯುತ್ತಾರೆ. ಗಟ್ಟಿ ಸ್ಪ್ರಿಂಗ್ ಹಾಕಿ ದೂರ ಗಳಿಸುವ ದಾರಿ ಹೀಗೆ ಮುಚ್ಚಿಹೋಯಿತು. ಇದನ್ನು ನಾನು ಕೊರತೆ ಎನ್ನಲಾರೆ. ಬಲಕ್ಕೆ ಗೆರೆ ಎಳೆದದ್ದರಿಂದಲೇ ಅಲ್ಲಿನವರ ಬುದ್ಧಿ ಒಂದು ಸಣ್ಣ ರಬ್ಬರ್ ಕೊಳವೆಯ ಕಡೆಗೆ ಹರಿಯಿತು.

ಆ ರಬ್ಬರನ್ನು ಇಂಗ್ಲಿಷ್ ಆಟಗಾರರು ಬಕಿಂಗ್ ಎನ್ನುತ್ತಾರೆ, ಜಪಾನಿನವರು ಪಕ್ಕಿನ್ ಎನ್ನುತ್ತಾರೆ. ನಮ್ಮ ಪಂಪ್‌ಸೆಟ್ ರಿಪೇರಿಯವನಾದರೆ ವಾಷರ್ ಎಂದಾನು. ನಳಿಕೆಯ ಹಿಂತುದಿಗೆ ತೊಡಿಸಿದ ಈ ರಬ್ಬರಿನ ಒಳಮೈಯಲ್ಲಿ, ಮೇಲ್ಭಾಗದಲ್ಲಿ, ಒಂದು ಉಬ್ಬು ಇರುತ್ತದೆ. ಹಾದುಹೋಗುವ ಗುಂಡಿನ ನೆತ್ತಿಯನ್ನು ಅದು ಹಿಡಿದೆಳೆದಾಗ ಗುಂಡು ಹಿಮ್ಮುಖವಾಗಿ ತಿರುಗುತ್ತಾ ಹೊರಡುತ್ತದೆ. ಹಾಗೆ ತಿರುಗುವ ಗುಂಡನ್ನು ಗಾಳಿಯೇ ಮೇಲಕ್ಕೆತ್ತಿ ಹಿಡಿಯುತ್ತದೆ. ಹಾಪ್-ಅಪ್ ಎಂದರೆ ಇದೇ. ಅನಿಲ್ ಕುಂಬ್ಳೆಯ ಫ್ಲಿಪ್ಪರ್ ನೋಡಿದವರಿಗೆ ಇದು ಹೊಸದಲ್ಲ. ಹಿಮ್ಮುಖ ತಿರುಗು ಕೊಟ್ಟ ಚೆಂಡು ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮುಂದೆ ಬಂದು ಬೀಳುತ್ತದೆ. 1852ರಲ್ಲಿ ಇದನ್ನು ಪ್ರಯೋಗದಿಂದ ವಿವರಿಸಿದ ಜರ್ಮನಿಯ ಮ್ಯಾಗ್ನಸ್ ಹೆಸರೇ ಈ ಪರಿಣಾಮಕ್ಕೆ ನಿಂತಿದೆ. ಆದರೆ ಅವನಿಗಿಂತ ನೂರು ವರ್ಷ ಮೊದಲೇ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ ಕೋವಿಯ ನಳಿಕೆಯನ್ನು ಎಡಕ್ಕೆ ಬಾಗಿಸಿ ಹಾರಿಸಿ, ಗುಂಡು ಹೋಗುತ್ತಾ ಹೋಗುತ್ತಾ ಬಲಕ್ಕೆ ತಿರುಗುವುದನ್ನು ತೋರಿಸಿದ್ದ. ಅವನು ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆಂದು ಬಂದು, 1751ರಲ್ಲಿ ನಮ್ಮ ಪಕ್ಕದ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಇನ್ನು ಗುಂಡು ಬರುವ ದಾರಿ. ಮ್ಯಾಗಜೀನಿನ ಸ್ಪ್ರಿಂಗ್ ಗುಂಡನ್ನು ಮೇಲಕ್ಕೆ ತಳ್ಳುತ್ತದೆ. ಗೇರ್‌ಬಾಕ್ಸಿನ ಸೆಕ್ಟರ್ ಗೇರ್, ಟ್ಯಾಪೆಟ್ ಪ್ಲೇಟನ್ನು ಹಿಂದಕ್ಕೆಳೆದಾಗ ಅದರೊಂದಿಗೆ ಗಾಳಿ ಊದುವ ನಾಜಲ್ ಹಿಂದೆ ಸರಿಯುತ್ತದೆ. ತೆರವಾದ ಜಾಗಕ್ಕೆ ಗುಂಡು ಏರುತ್ತದೆ. ನಾಜಲ್ ಮುಂದೆ ಬಂದು ಅದನ್ನು ರಬ್ಬರಿನ ತುಟಿಯೊಳಗೆ ಕೂರಿಸುತ್ತದೆ. ಸೆಕೆಂಡಿಗೆ 15 ಗುಂಡು ಹಾರಿಸುವ ಬಂದೂಕಿನಲ್ಲಿ ಇಷ್ಟೆಲ್ಲ ನಡೆಯಲು ಸಿಗುವುದು 0.07 ಸೆಕೆಂಡಿಗೂ ಕಡಿಮೆ. ಹೆಚ್ಚು ವೋಲ್ಟಿನ ಬ್ಯಾಟರಿ ಹಾಕಿ ಆ ಅವಧಿಯನ್ನು ಇನ್ನಷ್ಟು ಕುಗ್ಗಿಸಿದರೆ ಗುಂಡು ಏರುವ ಮುನ್ನವೇ ನಾಜಲ್ ಮುಚ್ಚಿಕೊಂಡು ಬರಿ ಗಾಳಿ ಹೊಡೆಯುತ್ತದೆ. ನಾಜಲನ್ನು ತುಸು ಹೊತ್ತು ಹಿಂದೆಯೇ ನಿಲ್ಲಿಸುವ ಡಿಲೇಯರ್ ಚಿಪ್ ಇದಕ್ಕೆ ಸರಿಯಾದ ಮದ್ದು. ಆದರೆ ಸಾಮಾನ್ಯ ವೇಗದ ಬಂದೂಕಿಗೂ ಅದನ್ನು ಹಾಕಿಸುವವರನ್ನು ಕಂಡಿದ್ದೇನೆ, ಅದು ವ್ಯರ್ಥ.

ಮುಖ್ಯವಾದದ್ದು ಆ ತುಟಿ. ಹೊಸ ಗುಂಡು ಬಂದು ಕೂರುವುದು ಅಲ್ಲಿಯೇ, ಗಾಳಿ ಸೋರದಂತೆ ನಾಜಲನ್ನು ಅಪ್ಪಿ ಹಿಡಿಯುವುದೂ ಅದೇ. ಅದು ಸವೆದರೆ ಗುಂಡು ನಿಲ್ಲದೆ ನಳಿಕೆಯೊಳಗೆ ಉರುಳುತ್ತದೆ; ಅದರ ಬೆನ್ನಿಗೆ ಇನ್ನೊಂದು ನುಗ್ಗಿ ಎರಡೂ ಒಟ್ಟಿಗೆ ಹೊರಬೀಳುತ್ತವೆ. ಉಬ್ಬನ್ನು ಅತಿಯಾಗಿ ಒತ್ತಿದರೆ ಗುಂಡು ದಾಟಲಾರದೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಂದೂಕು ಮುನಿಸಿಕೊಂಡಾಗ ನಾನು ಮೊದಲು ಉಬ್ಬಿನ ಒತ್ತನ್ನು ಹೊಂದಿಸುವ ಹಾಪ್-ಅಪ್ ಡಯಲನ್ನು ಪೂರ್ತಿ ಸಡಿಲಿಸುತ್ತೇನೆ. ಆಗ ಗುಂಡು ಸರಾಗವಾಗಿ ಬಂದರೆ ಮ್ಯಾಗಜೀನ್ ನಿರಪರಾಧಿ. ಬರದಿದ್ದರೆ ಮ್ಯಾಗಜೀನನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿದು ಹಾರಿಸುತ್ತೇನೆ. ಅಷ್ಟಕ್ಕೇ ಸರಿಯಾದರೆ ಅದು ಅಲುಗಾಡುತ್ತಿದೆ ಎಂದರ್ಥ, ಎರಡು ಸುತ್ತು ಟೇಪ್ ಸಾಕು.

ಒಮ್ಮೆ ನಾನೇ ಈ ಕ್ರಮ ಬಿಟ್ಟು ಕೆಟ್ಟೆ. ಗುಂಡು ಎಡಕ್ಕೆ ವಾಲುತ್ತಿದೆ ಎಂದು ರಬ್ಬರನ್ನು ಹಿಡಿದಿಡುವ ಕಾರ್ಖಾನೆಯ ಪ್ಲಾಸ್ಟಿಕ್ ಚೇಂಬರ್ ತೆಗೆದು, ಹೊಳೆಯುವ ಅಲ್ಯೂಮಿನಿಯಂ ಚೇಂಬರ್ ಹಾಕಿದೆ. ಮರುದಿನ ಮೈದಾನದಲ್ಲಿ ನಾಲ್ಕಕ್ಕೊಂದು ಗುಂಡು ಬರಲಿಲ್ಲ. ಮ್ಯಾಗಜೀನ್ ಬದಲಿಸಿದೆ, ಗುಂಡು ಬದಲಿಸಿದೆ, ನಾಜಲ್ ಬದಲಿಸಿದೆ. ಕೊನೆಗೆ ನೋಡಿದರೆ, ಚೇಂಬರನ್ನು ಗೇರ್‌ಬಾಕ್ಸಿಗೆ ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗನ್ನು ಮತ್ತೆ ಹಾಕಲು ನಾನು ಮರೆತಿದ್ದೆ. ಅದನ್ನು ಹಾಕಿದ ಮೇಲೂ ಆ ಚೇಂಬರ್ ಮ್ಯಾಗಜೀನಿನ ಬಾಯಿಗೆ ನೇರವಾಗಿ ಕೂರಲಿಲ್ಲ. ಹಳೆಯ ಪ್ಲಾಸ್ಟಿಕ್ ಚೇಂಬರಿಗೆ ಮರಳಿ ಹೊಸ ರಬ್ಬರ್ ಹಾಕಿದಾಗ ಎರಡೂ ತೊಂದರೆ ಒಟ್ಟಿಗೇ ಹೋದವು. ಲೋಹದ ಚೇಂಬರ್ ಎಲ್ಲವೂ ಕೆಟ್ಟದ್ದೆಂದು ಇದರರ್ಥವಲ್ಲ, ಡಯಲ್ ಅಲುಗಾಡದ ಒಳ್ಳೆಯವೂ ಇವೆ. ಆದರೆ ಅವು ಮೂಲ ಬಂದೂಕಿನ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಪ್ಲಾಸ್ಟಿಕ್ಕಿನಂತೆ ಲೋಹ ಬಾಗಿ ಹೊಂದಿಕೊಳ್ಳುವುದಿಲ್ಲ.

ಹಾಗಾದರೆ ಯಾವ ಬದಲಾವಣೆ ಯೋಗ್ಯ? ಸಾಮಾನ್ಯ ಉಬ್ಬು ಗುಂಡನ್ನು ಒಂದೇ ಬಿಂದುವಿನಲ್ಲಿ ಹಿಡಿಯುತ್ತದೆ. ರಬ್ಬರ್ ಚೂರು ಓರೆಯಾದರೂ ಗುಂಡು ಎಡಕ್ಕೋ ಬಲಕ್ಕೋ ಸುಳಿಯುತ್ತದೆ. ಉಬ್ಬಿಲ್ಲದ ಚಪ್ಪಟೆ ರಬ್ಬರನ್ನು ಅಗಲವಾದ ತುಂಡಿನಿಂದ ಒತ್ತುವ ಫ್ಲಾಟ್-ಹಾಪ್ ಗುಂಡನ್ನು ಹೆಚ್ಚು ಉದ್ದಕ್ಕೆ, ಹಗುರಾಗಿ ಹಿಡಿಯುತ್ತದೆ. ತೈವಾನಿನ ಮೇಪಲ್ ಲೀಫ್ ಕಂಪನಿ ಉದ್ದನೆಯ ಹಿಡಿತದ ರಬ್ಬರುಗಳನ್ನು ಬೇರೆ ಬೇರೆ ಗಡಸುತನದಲ್ಲಿ ಮಾರುತ್ತದೆ. 0.98 ಜೌಲಿನ ಬಂದೂಕಿಗೆ, ಅದರಲ್ಲೂ ರಬ್ಬರ್ ಬಿರುಸಾಗುವ ಚಿಬಾದ ಜನವರಿಯಲ್ಲಿ, 50 ಡಿಗ್ರಿಯ ಮೆದು ರಬ್ಬರೇ ಸರಿ; ಶಕ್ತಿ ಹೆಚ್ಚಾದಂತೆ ಗಡಸು ಬೇಕು. ಉಬ್ಬು ಇಳಿಯುವ ನಳಿಕೆಯ ಕಿಂಡಿಯನ್ನೇ ತುಂಬುವಂತೆ ರಬ್ಬರ್ ಪಟ್ಟಿಯನ್ನು ಉಜ್ಜಿ ಉಜ್ಜಿ ಕೂರಿಸುವ ಆರ್-ಹಾಪ್ ನಾನು ಕಂಡ ಅತ್ಯುತ್ತಮ ಕೈಕೆಲಸ. 0.28 ಗ್ರಾಂ ಮತ್ತು ಅದಕ್ಕೂ ಭಾರದ ಗುಂಡುಗಳಿಗೆ ಅದು ಕೊಡುವ ನೇರ ಹಾರಾಟ ನೋಡಿ ಮನಸ್ಸು ತುಂಬಿ ಬರುತ್ತದೆ. ಆದರೆ ಅದಕ್ಕೆ ಸಂಜೆಗಳು ಬೇಕು, ತಾಳ್ಮೆ ಬೇಕು, ಒಂದೆರಡು ಪಟ್ಟಿ ಹಾಳಾಗಲು ಸಿದ್ಧವಿರಬೇಕು. ಪೊದೆಗಳ ನಡುವೆ 30 ಮೀಟರಿನಲ್ಲಿ ಆಡುವವರಿಗೆ ಅದರ ಅಗತ್ಯವಿಲ್ಲ.

6.08 ಮಿಲಿಮೀಟರಿನ ನಳಿಕೆ ತೆಗೆದು 6.01ರ ಬಿಗಿ ನಳಿಕೆ ಹಾಕುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಗುಂಡೇ 5.95 ಇರುವಾಗ, ಸ್ವಲ್ಪ ಕೊಳೆ ಸೇರಿದರೂ ಅದು ಕಚ್ಚಿಕೊಳ್ಳುತ್ತದೆ. ಜಪಾನಿನ ಅನೇಕ ಹೊರಾಂಗಣ ಮೈದಾನಗಳು ಮಣ್ಣಲ್ಲಿ ಕರಗುವ ಬಯೋ ಗುಂಡನ್ನೇ ಕೇಳುತ್ತವೆ. ಆ ನಿಯಮ ನ್ಯಾಯವಾದದ್ದು. ಆದರೆ ಪೊಟ್ಟಣ ತೆರೆದಿಟ್ಟರೆ ಬಯೋ ಗುಂಡು ತೇವ ಹೀರಿ ಅಳತೆ ಕೆಡುತ್ತದೆ, ಹಪ್ಪಳದ ಡಬ್ಬಿಯ ಹಾಗೆ ಬಿಗಿಯಾಗಿ ಮುಚ್ಚಿಡಬೇಕು. ಮ್ಯಾಗಜೀನಿಗೆ ಸುರಿದ ಸಿಲಿಕೋನ್ ಎಣ್ಣೆ ರಬ್ಬರಿಗೆ ತಾಗಿ ಹಿಡಿತ ಜಾರುವುದೂ ಅಷ್ಟೇ ಸಾಮಾನ್ಯ. ಆಗ ಬೇಕಾದದ್ದು ಒಣಬಟ್ಟೆ ಸುತ್ತಿದ ಸಲಾಕೆ, ಹೊಸ ಭಾಗವಲ್ಲ.

ಸಾವಿರ ಯೆನ್ ಆಸುಪಾಸಿನ ಒಳ್ಳೆಯ ರಬ್ಬರ್, ಅದಕ್ಕೊಪ್ಪುವ ಒತ್ತುತುಂಡು, ಒಂದೇ ತೂಕದ ಒಳ್ಳೆಯ ಗುಂಡು, ಶುಚಿಯಾದ ನಳಿಕೆ: ಈ ನಾಲ್ಕಕ್ಕಿಂತ ಹೆಚ್ಚಿನದನ್ನು ಸಾಮಾನ್ಯ ಆಟಗಾರನಿಗೆ ನಾನು ಶಿಫಾರಸು ಮಾಡುವುದಿಲ್ಲ. ನಿಮ್ಮ ಕೈಯಲ್ಲಿ ಅಂಥದೊಂದು ಬಂದೂಕು ಇದ್ದರೆ, ಬಿಚ್ಚುವ ಮುನ್ನ ಮ್ಯಾಗಜೀನ್ ತೆಗೆದು, ಚೇಂಬರಿನಲ್ಲಿ ಉಳಿದ ಗುಂಡನ್ನು ಹಾರಿಸಿ, ಬ್ಯಾಟರಿ ಕಳಚಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಾರಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ. ಆ ಸಣ್ಣ ಸ್ಪ್ರಿಂಗನ್ನು ಮಾತ್ರ ಮರೆಯಬೇಡಿ.