ವೀರಬಾಹುವಿನ ಪಾತ್ರ ಮಾಡುವವರು ಯಾರು?

ಜಯಪುರದ ಸುತ್ತಿನ ತೋಟದ ಲೈನುಮನೆಗಳಲ್ಲಿ ಹುಟ್ಟಿದ ನಮಗೆ ಸಿನಿಮಾ ಎಂದರೆ ಮೊದಲು ಹಿರಿಯರ ಬಾಯಿಮಾತು. ಟೆಂಟಿನ ನೆಲದಲ್ಲಿ ಕೂತು ಹರಿಶ್ಚಂದ್ರನಿಗಾಗಿ ಅತ್ತದ್ದನ್ನು ಅಜ್ಜಿ ಹೇಳುತ್ತಿದ್ದಳು. ಅಜ್ಜ ಮಾತ್ರ ಅಳಲಿಲ್ಲವಂತೆ. "ಹೆಣ ಸುಡೋದು ನಮ್ ಕೆಲ್ಸ ಕಣೆ, ಅದ್ಕೆ ಯಾಕೆ ಅಳೋದು?" ಅಂದನಂತೆ. ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾವು ಕಾಲೇಜಿನಲ್ಲೂ ಓದಲಿಲ್ಲ.

ಈ ಕಥೆ ಯುದ್ಧಕಾಲದಲ್ಲೂ ಕನ್ನಡ ಪರದೆಗೆ ಬಂದಿತ್ತು. ಕಚ್ಚಾಫಿಲಂ ಹಡಗಿನಲ್ಲಿ ಬರಬೇಕಾಗಿದ್ದ ಕಾಲ ಅದು. ಬ್ರಿಟಿಷ್ ಸರ್ಕಾರ ಚಿತ್ರದ ಉದ್ದವನ್ನು 11,000 ಅಡಿಗೆ ಇಳಿಸಿ, ಫಿಲಂಗೆ ಪರವಾನಗಿ ಹೇರಿತು. ಕನ್ನಡದಲ್ಲಿ ಬಂದದ್ದೇ ಬೆರಳೆಣಿಕೆಯ ಚಿತ್ರಗಳು. 1943ರಲ್ಲಿ ಎ.ವಿ. ಮೇಯಪ್ಪನ್ ನಿರ್ಮಾಣದ 'ಸತ್ಯ ಹರಿಶ್ಚಂದ್ರ' ಬಂತು. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ಅದರಲ್ಲಿದ್ದರು. ಆಮೇಲೆ ತಮಿಳಿಗೆ ಡಬ್ ಆಗಿ ಹೆಸರು ಮಾಡಿತು. ಫಿಲಂ ಇಲ್ಲದ ಕಾಲದಲ್ಲಿ ಜನ ಒಪ್ಪಿದ ನಾಟಕವನ್ನೇ ಆರಿಸಿಕೊಂಡದ್ದು ವ್ಯಾಪಾರದ ವಿವೇಕ. ಆ ಕಲಾವಿದರ ಶ್ರಮವನ್ನು ನಾವು ಹಳಿಯುವುದಿಲ್ಲ.

ಆದರೆ ಅದೇ 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಮಂದಿ ಅನ್ನವಿಲ್ಲದೆ ಸತ್ತರು. ನಾಡಿನ ಒಂದು ಭಾಗವೇ ಸುಡುಗಾಡಾಗಿದ್ದಾಗ ಪರದೆಯ ಸುಡುಗಾಡು ಒಬ್ಬ ರಾಜನ ಪರೀಕ್ಷೆಯ ಜಾಗವಾಗಿತ್ತು. ರಾಜ ಹೆಣ ಕಾದರೆ ದುರಂತ. ಹುಟ್ಟಿದಂದಿನಿಂದ ಕಾದವನದು ಕಸುಬು! ಕೊನೆಗೆ ರಾಜನಿಗೆ ಸಿಂಹಾಸನ ಸಿಕ್ಕಿತು. ಸುಡುಗಾಡಿನ ಕೋಲು ಯಾರ ಕೈಯಲ್ಲಿ ಉಳಿಯಿತು?

ರಾಘವಾಂಕನ ಕಾವ್ಯದಲ್ಲಾದರೂ ಹೊಲತಿಯರು ರಾಜನ ಎದುರು ನಿಂತು ವಾದ ಮಾಡುತ್ತಾರೆ. ನಮ್ಮ ಹಾಡು ಕೇಳಿದ ಕಿವಿಗಿಲ್ಲದ ಮೈಲಿಗೆ ಮುಟ್ಟಿದರೆ ಮಾತ್ರ ಯಾಕೆ ಎಂಬುದು ಅವರ ತಕರಾರಿನ ತಿರುಳು. ಮಾರ್ಕಂಡೇಯ ಪುರಾಣವೋ, ರಾಜನನ್ನು ಕೊಂಡ ಚಂಡಾಲ ವೇಷ ಹಾಕಿದ ಧರ್ಮದೇವತೆ ಎಂದುಬಿಡುತ್ತದೆ. ಅಂದರೆ ಒಡೆಯನಾಗಿ ಕಂಡವನು ಕೂಡ ನಮ್ಮವನಲ್ಲ! 1965ರ ಚಿತ್ರದಲ್ಲಿ ವೀರಬಾಹುವಾಗಿ ಎಂ.ಪಿ. ಶಂಕರ್ ಕುಣಿದ, ಕುಲವನ್ನು ಪ್ರಶ್ನಿಸುವ ಹಾಡಿಗೆ ನಮ್ಮ ಮದುವೆಗಳಲ್ಲಿ ಈಗಲೂ ಕುಣಿಯುತ್ತೇವೆ. ಆದರೆ ಹಾಡು ಕೇಳಿದ ಪ್ರಶ್ನೆಗೆ ಕಥೆ ಉತ್ತರ ಕೊಡಲಿಲ್ಲ.

ದೂರದ ನಾರ್ವೆಯನ್ನು ನೋಡಿ. 1940ರಲ್ಲಿ ಜರ್ಮನ್ ಸೈನ್ಯ ಆ ದೇಶ ಹಿಡಿಯಿತು. 1941ರ ಹೊತ್ತಿಗೆ ಸಿನಿಮಾವೂ ಆ ಆಡಳಿತದ ಮುಷ್ಟಿಗೆ ಬಿತ್ತು. ನಮ್ಮ 'ಹರಿಶ್ಚಂದ್ರ' ಬಂದ 1943ರಲ್ಲೇ, ಫೆಬ್ರವರಿಯ ಒಂದು ರಾತ್ರಿ, ವೆಮಾರ್ಕ್ ಕಾರ್ಖಾನೆಗೆ ನುಗ್ಗಿದ ಕೆಲವು ಹುಡುಗರು ಜರ್ಮನಿಗೆ ಬೇಕಾಗಿದ್ದ ಭಾರಜಲದ ಯಂತ್ರಗಳನ್ನು ಉಡಾಯಿಸಿದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಆ ಕಥೆ ಸಿನಿಮಾ ಆಯಿತು. ಅದರಲ್ಲಿ ಆ ಹೋರಾಟಗಾರರಲ್ಲಿ ಹಲವರು ತಮ್ಮ ಪಾತ್ರವನ್ನು ತಾವೇ ಮಾಡಿದರು.

ನಾವು ಕೇಳುವುದೂ ಇಷ್ಟೇ. 2020-21ರ ಕೊರೊನಾ ಕಾಲದಲ್ಲಿ ಬಂಧುಗಳೇ ಮುಟ್ಟಲು ಹೆದರಿದ ಹೆಣಗಳನ್ನು ಸುಟ್ಟವರು, ಹೂಳಿದವರು ಯಾರು? ಅವರಿಗೆ ದೇವರು ಪ್ರತ್ಯಕ್ಷನಾಗಲಿಲ್ಲ, ಸಿಂಹಾಸನ ಮರಳಿ ಬರಲಿಲ್ಲ. ಅವರ ಕಥೆಯಲ್ಲಿ ಅವರೇ ನಿಲ್ಲಲಿ. ಮಾತು, ಕ್ಯಾಮೆರಾ ಎರಡೂ ಅವರದಾಗಲಿ.

ಅಲ್ಲಿತನಕ ಹರಿಶ್ಚಂದ್ರನಿಗಾಗಿ ಅಳುವ ಸರದಿ ಬೇರೆಯವರದು. ನಮ್ಮಜ್ಜ ಅಳಲಿಲ್ಲ, ನಾವೂ ಅಳುವುದಿಲ್ಲ.